ಕಬ್ಬಿನ ಗದ್ದೆಯ ರೂಲ್ಸು

"ಸ್ಪಿನ್ನೂ ಹಾಕ್ಬೇಕು, ಬ್ಯಾಟೂ ಬೀಸ್ಬೇಕು. ಎರಡೂ ಬರೋರು ಯಾರಿದ್ದೀರ್ರಯ್ಯಾ?"

ಪಿ.ಟಿ. ಮೇಷ್ಟ್ರು ಕೆಂಪಸಿದ್ದಯ್ಯ ಮತ್ತೊಮ್ಮೆ ಕೇಳಿದರು. ಒಂದು ಕೈಯೂ ಏಳಲಿಲ್ಲ. "ಫಾಸ್ಟ್ ಬೌಲರ್ ಯಾರು?" ಅಂದಾಗ ಮಾತ್ರ ಗೋಡೆ ಮೇಲಿನ ಹಲ್ಲಿಯೊಂದನ್ನು ಬಿಟ್ಟು ಇಡೀ ಕ್ಲಾಸೇ ಕೈ ಎತ್ತಿತ್ತು.

"ದೀಪ ಹಚ್ಕೊಂಡು ಹುಡುಕಿದ್ರೂ ಕಿರುಗಾವಲಲ್ಲಿ ಒಬ್ಬ ಸ್ಪಿನ್ನರ್ ಸಿಗಲ್ವಲ್ಲ! ಶನಿವಾರ ಮಳವಳ್ಳಿಯೋರ ಮೇಲೆ ಮ್ಯಾಚು. ಟೀಮಲ್ಲಿ ಉಳಿದಿರೋದು ಅದೊಂದೇ ಜಾಗ."

ಒಂದೇ ಜಾಗ! ಸ್ವರೂಪನ ಕೈ ಅವನನ್ನು ಕೇಳದೆಯೇ ಮೇಲೆ ಹೋಯಿತು. "ನಂಗ್ ಬತ್ತದೆ ಸಾ!"

ಟೀಮಿನ ವಿಕೆಟ್ ಕೀಪರ್ ನಯನ ತಿರುಗಿ ನೋಡಿದಳು. ಅವನು ಹುಟ್ಟಿದಾಗಿನಿಂದ ಒಂದು ಬಾಲೂ ಸ್ಪಿನ್ ಹಾಕಿದವನಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತು.

"ಏನ್ಲಾ, ಮೇಷ್ಟ್ರಿಗೇ ಬುರುಡೆ ಬುಟ್ಯಲ್ಲಾ?" ಅಂದಳು ಬೆಲ್ ಹೊಡೆದ ಮೇಲೆ.

"ಶನಿವಾರದೊಳಗೆ ಕಲ್ತ್ಕಂಡ್ರೆ ಬುರುಡೆ ಎಂಗಾಯ್ತದಮ್ಮಿ?"

ಮಾತೇನೋ ಸರಿ. ಆದರೆ ಅವರು ಆಡುವ ಜಾಗ ಸರಿಯಿರಲಿಲ್ಲ. ಅದು ಕುಯ್ಲಾದ ಭತ್ತದ ಗದ್ದೆ. ಸುತ್ತ ಆಳೆತ್ತರದ ಕಬ್ಬು. ಬಾಲು ಹಾರಿ ಕಬ್ಬಿಗೆ ಬಿದ್ದರೆ ಸಿಕ್ಸ್. ಹೊಡೆದವನು ಹಲ್ಲು ಕಿರಿಯುತ್ತಾ ನಿಲ್ಲುತ್ತಾನೆ, ಹೊಡೆಸಿಕೊಂಡವನು ಒಳಗೆ ನುಗ್ಗಿ ಬಾಲು ತರಬೇಕು. ಅಣ್ಣಂದಿರ ಕಾಲದಿಂದಲೂ ಇದೇ ರೂಲ್ಸು. ಕಬ್ಬಿನ ಗರಿಯೋ, ಮುಟ್ಟಿದರೆ ಚರ್ಮ ಗೀರುತ್ತದೆ.

ಸ್ವರೂಪ್ ಬಾಲನ್ನು ಬೆರಳಲ್ಲಿ ತಿರುಚಿ ನಿಧಾನಕ್ಕೆ ಹಾಕಿದ. ಬ್ಯಾಟು ಹಿಡಿದಿದ್ದ ಗೆಳೆಯ ಪುನೀತ್ ಮುಂದೆ ಬಂದು ಬೀಸಿದ. ಬಾಲು ಕಬ್ಬಿಗೆ! ಹುಡುಕಿ ತಂದು ಮತ್ತೆ ಹಾಕಿದ. ಮತ್ತೆ ಕಬ್ಬಿಗೆ!

"ಓಗ್ಲಾ, ತತ್ತಾ," ಅಂತ ಪುನೀತ್ ಬ್ಯಾಟಿಗೆ ಒರಗಿ ನಿಂತ.

ಸಂಜೆ ಅಜ್ಜಿ ದೇವಿರಮ್ಮ ಮೊಮ್ಮಗನ ಕೈ ನೋಡಿ ಗಾಬರಿಯಾದಳು. "ಏನ್ ಮಗಾ ಇದು, ಬೆಕ್ಕಿನ್ ಜೊತೆ ಕುಸ್ತಿಗ್ ಬಿದ್ಯಾ?" ಕೊಬ್ಬರಿ ಎಣ್ಣೆ ಸವರುತ್ತಾ, "ಅಂತಾ ಆಟ ಬುಟ್ಬುಡು," ಅಂದಳು.

"ಬುಟ್ರೆ ಟೀಮಿಂದ ತಗ್ದಾಕ್ತಾರೆ ಅಜ್ಜಿ. ಸುಳ್ಳ ಅಂತಾರೆ." ಸ್ವರೂಪನಿಗೆ ಅಳುವೇ ಬಂತು.

ಮಾರನೆಯ ದಿನ ಬಾಲು ತಿರುಗತೊಡಗಿತು. ಆದರೂ ಪುನೀತ್ ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಸ್ವರೂಪನ ಕೈ ಹೆದರಿ ಜೋರಾಗಿ ಎಸೆದುಬಿಡುತ್ತಿತ್ತು.

"ತಿರುಗ್ತದೆ ಕಣ್ಲಾ, ಚೆಂದಾಗೇ ತಿರುಗ್ತದೆ," ಅಂದಳು ನಯನ. "ಆದ್ರೆ ನೀನು ಬ್ಯಾಟ್ಸ್‌ಮನ್ನ ನೋಡಕಿಲ್ಲ, ಕಬ್ಬ್ ನೋಡ್ತೀಯ."

ಶನಿವಾರ ಬಂದೇ ಬಂತು. ಮಳವಳ್ಳಿಯ ಮೈದಾನ ಬಟಾಬಯಲು. ಸುತ್ತ ಸುಣ್ಣದ ಗೆರೆ. ಸ್ವರೂಪನ ಮೊದಲ ಬಾಲನ್ನೇ ಅವರ ಕ್ಯಾಪ್ಟನ್ ಗೆರೆಯಾಚೆ ಎತ್ತಿ ಬಾರಿಸಿದ.

ಸ್ವರೂಪ್ ತಲೆ ತಗ್ಗಿಸಿ ಅತ್ತ ಓಡತೊಡಗಿದ.

"ಏಯ್, ಎಲ್ಲಿಗಯ್ಯಾ?" ಅಂಪೈರ್ ಕೂಗಿದರು.

"ಬಾಲ್ ತರಕ್ಕೆ ಸಾ..."

ಮೈದಾನವೆಲ್ಲ ಗೊಳ್ಳೆಂದಿತು. ಗೆರೆಯಾಚೆ ನಿಂತಿದ್ದವರು ಆಗಲೇ ಬಾಲನ್ನು ವಾಪಸ್ ಎಸೆದಿದ್ದರು. ನಾಚಿಕೆಯಿಂದ ಸ್ವರೂಪನ ಕಿವಿ ಬಿಸಿಯಾಯಿತು. ವಾಪಸ್ ಬರುತ್ತಾ ಕೈ ನೋಡಿಕೊಂಡ. ಹೊಸ ಗೀರು ಒಂದೂ ಇರಲಿಲ್ಲ. ಹೋಗಿದ್ದು ಆರು ರನ್, ಅಷ್ಟೇ! ಅವನಿಗೆ ನಗು ಬಂತು.

ಈ ಸಲ ಬಾಲನ್ನು ಇನ್ನೂ ಮೇಲಕ್ಕೆ, ಇನ್ನೂ ನಿಧಾನಕ್ಕೆ ತೇಲಿಬಿಟ್ಟ. ಕ್ಯಾಪ್ಟನ್ ಆಸೆಯಿಂದ ಮುಂದೆ ನುಗ್ಗಿ ಬೀಸಿದ. ಬಾಲು ನೆಲಕ್ಕೆ ಬಿದ್ದು ಪಕ್ಕಕ್ಕೆ ಹೊರಳಿತು. ಅವನು ತಿರುಗಿ ನೋಡುವಷ್ಟರಲ್ಲಿ ನಯನ ಬೇಲ್ಸ್ ಹಾರಿಸಿ ಕುಣಿಯುತ್ತಿದ್ದಳು.

ಆಮೇಲೆ ಬ್ಯಾಟಿಂಗಿನಲ್ಲೂ ಸ್ವರೂಪ್ ಕೊನೆಯವರೆಗೆ ನಿಂತ. ಮ್ಯಾಚನ್ನು ಕೂದಲೆಳೆಯಲ್ಲಿ ಸೋತರೂ ಮೇಷ್ಟ್ರು ಅವನ ಬೆನ್ನು ತಟ್ಟಿದರು. "ಎಲ್ಲಿ ಬಚ್ಚಿಟ್ಕೊಂಡಿದ್ದೆಯೋ ಈ ಸ್ಪಿನ್ನ?"

"ಬಚ್ಚಿಟ್ಕಂಡಿರ್ನಿಲ್ಲ ಸಾ," ಅಂದ ಸ್ವರೂಪ್. "ಈ ವಾರವೇ ಕಲ್ತಿದ್ದು. ಅವತ್ತು ಸುಳ್ ಏಳ್ಬುಟ್ಟೆ."

ಮೇಷ್ಟ್ರು ಅವನ ಕೈಯ ಗೀರುಗಳನ್ನು ನೋಡಿ ಮೀಸೆಯಡಿ ನಕ್ಕರು. "ಒಂದು ವಾರಕ್ಕೆ ಬರೋ ವಿದ್ಯೆ! ಮಿಕ್ಕೋರಿಗ್ಯಾಕಯ್ಯಾ ಬೇಡ?"

ಸ್ವರೂಪ್ ಆ ಪ್ರಶ್ನೆಯನ್ನೇ ತಲೆಯಲ್ಲಿ ತಿರುಗಿಸುತ್ತಾ ಊರಿಗೆ ಬಂದ.

ಭಾನುವಾರ ಮತ್ತೆ ಗದ್ದೆ. ಬ್ಯಾಟು ಸ್ವರೂಪನ ಕೈಯಲ್ಲಿತ್ತು. ನಯನ ಗ್ಲೌಸ್ ಬಿಚ್ಚಿಟ್ಟು, "ಇವತ್ತು ನಾನೂ ಸ್ಪಿನ್ ಹಾಕ್ತೀನಿ," ಅಂತ ಬಂದಳು. ಬಾಲು ತೇಲುತ್ತಾ ಬಂತು. ಸ್ವರೂಪ್ ಖುಷಿಯಿಂದ ಬೀಸಿದ. ಸೀದಾ ಕಬ್ಬಿಗೆ!

"ಓಗಮ್ಮಿ, ತತ್ತಾ!" ಪುನೀತ್ ಕೂಗಿದ.

ನಯನ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು. "ನಂಗೆ ಕೀಪಿಂಗೇ ಸಾಕು ಬುಡು," ಅಂತ ಗೊಣಗುತ್ತಾ ಕಬ್ಬಿನ ಕಡೆ ಹೊರಟಳು.

ಸ್ವರೂಪ್ ಅವಳನ್ನೇ ನೋಡಿದ. ಆಮೇಲೆ ತನ್ನ ಕೈ ನೋಡಿಕೊಂಡ. ಮೇಷ್ಟ್ರು ಕೇಳಿದ್ದು ನೆನಪಾಯಿತು. ಬ್ಯಾಟು ಕೆಳಗಿಟ್ಟ.

"ನಿಂತ್ಕಳಮ್ಮಿ. ಒಡ್ದೋನು ನಾನು. ನಾನೇ ತತ್ತೀನಿ."

"ರೂಲ್ಸು ಅಂಗಿಲ್ಲ ಕಣ್ಲಾ!" ಪುನೀತ್ ರೇಗಿದ.

ಅಷ್ಟರಲ್ಲಿ ಸ್ವರೂಪ್ ಗರಿಗಳನ್ನು ಸರಿಸಿಕೊಂಡು ಒಳಗೆ ಹೋಗಿಯಾಗಿತ್ತು. ಕಬ್ಬಿನ ನಡುವಿನಿಂದ ಅವನ ದನಿಯೊಂದೇ ಕೇಳಿಸಿತು:

"ನಯನಾ! ಮುಂದಿನ್ ಬಾಲು ಇನ್ನೂ ನಿಧಾನಕ್ ಹಾಕಮ್ಮಿ!"