ಆಯಸ್ಸು ಮುಗಿದ ಪ್ಯಾರಾಚೂಟು

ಮೆಟ್ಟಿಲು ಹತ್ತಿ ಬಂದ ಹೆಂಗಸು ಕೂರಲೂ ಇಲ್ಲ. "ಅಮ್ಮಾ, ನನ್ನ ಗಂಡನನ್ನ ಕೊಲೆಗಾರ ಅಂತಿದ್ದಾರೆ. ಇಪ್ಪತ್ತಾರು ವರ್ಷ ಪ್ಯಾರಾಚೂಟು ಮಡಚಿದ ಕೈ ಅದು. ನೀವೇ ನೋಡ್ಬೇಕು," ಎಂದು ಬಾಗಿಲಲ್ಲೇ ಅತ್ತಳು.

ಪೊಲೀಸ್ ಕೆಲಸದಿಂದ ನಿವೃತ್ತರಾದ ಇನ್‌ಸ್ಪೆಕ್ಟರಮ್ಮ ಟೈಲರನ ಅಂಗಡಿಯ ಮೇಲಿನ ಮನೆಯಲ್ಲಿದ್ದರು. ಅವರು ಚಪ್ಪಲಿ ಮೆಟ್ಟಿದರೆಂದರೆ ಟೈಲರು ಕತ್ತರಿ ಕೆಳಗಿಟ್ಟು ಹಿಂದೆ ಹೊರಡುವುದು ವಾಡಿಕೆ. ಅವತ್ತೂ ಹೊರಟ.

ಸತ್ತವನು ಎಂಜಿನ್ ಇಲ್ಲದ ವಿಮಾನ ಹಾರಿಸುವ ಗ್ಲೈಡರ್ ಕ್ಲಬ್ಬಿನ ಹಿರಿಯ ಕ್ಯಾಪ್ಟನ್ನರ ಒಬ್ಬನೇ ಮಗ. ಮೊದಲ ಸ್ಪರ್ಧೆಯ ದಿನ ಇನ್ನೊಂದು ಗ್ಲೈಡರ್ ರೆಕ್ಕೆಗೆ ತಾಗಿ, ಅವನು ಹೊರಗೆ ಹಾರಿದ್ದ. ಹಿಡಿಯನ್ನೂ ಎಳೆದಿದ್ದ. ಪ್ಯಾರಾಚೂಟು ಅರಳಲಿಲ್ಲ. ಅದರ ಚೀಟಿಯಲ್ಲಿ ಮಾತ್ರ ಎಲ್ಲವೂ ಸರಿಯಿತ್ತು: ನಾಲ್ಕು ವರ್ಷ ಹಳೆಯದು, ಎರಡು ತಿಂಗಳ ಹಿಂದೆ ಬಿಚ್ಚಿ ನೋಡಿ ಮತ್ತೆ ಮಡಚಿದ್ದು. ಕೆಳಗೆ ಪ್ಯಾಕರನ, ಅಂದರೆ ಆ ಹೆಂಗಸಿನ ಗಂಡನ, ಸಹಿ.

ಕ್ಲಬ್ಬಿನ ಉದ್ದನೆಯ ಮೇಜಿನ ಮೇಲೆ ಪ್ಯಾರಾಚೂಟು ಬಿದ್ದಿತ್ತು. ಹಗ್ಗಗಳಿಗೆ ಸುತ್ತಿದ್ದ ರಬ್ಬರು ಗೋಂದಿನಂತೆ ಅಂಟಿಕೊಂಡಿತ್ತು.

"ಪ್ರತಿ ಸಲ ಹೊಸ ರಬ್ಬರೇ ಹಾಕ್ತೀನಿ," ಎಂದ ಪ್ಯಾಕರ್.

"ಬಿಚ್ಚದೇ ಸಹಿ ಹಾಕಿದ್ದಾನೆ, ಅಷ್ಟೇ," ಎಂದರು ಕ್ಲಬ್ಬಿನ ಕಾರ್ಯದರ್ಶಿ.

ಟೈಲರು ಬಟ್ಟೆಯ ಅಂಚನ್ನು ಬೆರಳಲ್ಲಿ ಸವರಿದ. "ಅಮ್ಮಾ, ಇಲ್ಲೊಂದು ಪಟ್ಟಿ ಹೊಲಿದಿತ್ತು. ಯಾರೋ ಬಿಚ್ಚಿದ್ದಾರೆ. ಸುತ್ತ ಬಣ್ಣ ಮಾಸಿದೆ, ಪಟ್ಟಿ ಇದ್ದ ಜಾಗ ಹೊಸದರ ಹಾಗಿದೆ. ನಾಲ್ಕು ವರ್ಷಕ್ಕೆ ಇಷ್ಟು ಮಾಸಲ್ಲ." ಆಮೇಲೆ ಹೊರಚೀಲದ ತುಂಡಾದ ದಾರ ಎತ್ತಿದ. "ಈ ಗಂಟು ಎಡಗೈಯವರದ್ದು."

ಅಲ್ಲಿಂದ ಅವರು ಕ್ಯಾಪ್ಟನ್ನರ ಮನೆಗೆ ಹೋದರು. ಸೊಸೆ ಗೋಡೆಗೊರಗಿ ಕೂತಿದ್ದಳು. ಕ್ಯಾಪ್ಟನ್ ಎಡಗೈಯಲ್ಲಿ ನೀರಿನ ಲೋಟ ಮುಂದಿಟ್ಟರು. ಗೋಡೆಯಲ್ಲಿ ಹೆಬ್ಬೆರಳು ದಪ್ಪದ ಖಾಲಿ ಕೊಕ್ಕೆಯೊಂದಿತ್ತು.

"ಇಲ್ಲೇನಿತ್ತು?" ಎಂದು ಇನ್‌ಸ್ಪೆಕ್ಟರಮ್ಮ ಕೇಳಿದರು.

"ಫೋಟೋ," ಎಂದರು ಕ್ಯಾಪ್ಟನ್.

ಸೊಸೆ ತಲೆಯೆತ್ತಿ ಮಾವನ ಮುಖ ನೋಡಿದಳು.

ಮರುದಿನ ಬೆಳಿಗ್ಗೆ ಎಲ್ಲರೂ ಕ್ಲಬ್ಬಿನಲ್ಲಿ ಸೇರಿದರು.

"ಚೀಟಿ ಸುಳ್ಳಲ್ಲ, ಸಹಿಯೂ ಸುಳ್ಳಲ್ಲ," ಎಂದು ಇನ್‌ಸ್ಪೆಕ್ಟರಮ್ಮ ಶುರುಮಾಡಿದರು. "ಚೀಲವೂ ಅದೇ. ಒಳಗಿನ ಪ್ಯಾರಾಚೂಟು ಮಾತ್ರ ಬೇರೆ. ಮಾಸಿದ ಬಟ್ಟೆ, ಕರಗಿದ ರಬ್ಬರು ಅದರ ವಯಸ್ಸು ಹೇಳ್ತವೆ. ಗುರುತು ಸಿಗಬಾರದು ಅಂತ ನಂಬರಿನ ಪಟ್ಟಿ ಕಿತ್ತಿದ್ದಾರೆ. ಹಳೇ ಕಟ್ಟನ್ನ ಬಿಚ್ಚದೇ ಹಾಗೇ ತುರುಕಿ, ಹೊರಗೆ ಎಡಗೈಯಲ್ಲಿ ಗಂಟು ಹಾಕಿದ್ದಾರೆ; ಪ್ಯಾಕರ್ ಬಲಗೈಯವರು. ಕ್ಯಾಪ್ಟನ್ನರ ಮನೆ ಗೋಡೆಯಲ್ಲಿರೋ ಖಾಲಿ ಕೊಕ್ಕೆ ಫೋಟೋ ಹಾಕೋದಲ್ಲ, ಭಾರದ್ದೇನೋ ನೇತುಹಾಕೋದು. ಪ್ಯಾಕರೇ, ಆಯಸ್ಸು ಮುಗಿದ ಪ್ಯಾರಾಚೂಟು ಯಾರಿಗಾದ್ರೂ ಕೊಟ್ಟಿದ್ರಾ?"

ಪ್ಯಾಕರ್ ಕ್ಯಾಪ್ಟನ್ನರ ಮುಖ ನೋಡಿದ. "ಇಪ್ಪತ್ತು ವರ್ಷ ತುಂಬಿದ್ರೆ ಎಷ್ಟೇ ಚೆನ್ನಾಗಿ ಕಂಡ್ರೂ ಕತ್ತರಿಸಿ ಎಸೀಬೇಕು. ಅದೇ ನಿಯಮ. ಇವರು ನೆನಪಿಗೆ ಬೇಕು ಅಂತ ಕೈ ಮುಗಿದ್ರು. ಒಂದು ಕಾಲದಲ್ಲಿ ಇವರ ಜೀವ ಉಳಿಸಿದ್ದು ಅದೇ. ಕತ್ತರಿಸೋಕೆ ಮನಸ್ಸು ಬರಲಿಲ್ಲ. ಇದು ಅದೇ ಅಂತ ನನಗೆ ಅನುಮಾನ ಬಂದಿತ್ತಮ್ಮ... ಮಗನನ್ನ ಕಳ್ಕೊಂಡವರ ಮೇಲೆ ಹೇಗೆ ಬೆರಳು ತೋರಿಸಲಿ?"

ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು.

ಕ್ಯಾಪ್ಟನ್ನರ ದನಿ ಒಡೆಯಿತು. "ನನ್ನನ್ನ ಕಾಪಾಡಿದ್ದು ಅವನನ್ನೂ ಕಾಪಾಡುತ್ತೆ ಅಂದ್ಕೊಂಡೆ. ಹೊಸದರ ಮೇಲೆ ನಂಬಿಕೆ ಬರಲಿಲ್ಲ. ಅವನಿಗೆ ಗೊತ್ತಾದ್ರೆ ಬೇಡ ಅಂತಿದ್ದ... ಅದಕ್ಕೇ ಹೇಳಲಿಲ್ಲ. ಹೊಸದು ನನ್ನ ಬೀರುವಿನಲ್ಲಿದೆ." ಪ್ಯಾಕರನ ಕಡೆ ತಿರುಗಿದರು. "ನಿನ್ನನ್ನ ಕೊಲೆಗಾರ ಅಂದಾಗ ಬಾಯಿ ತೆರೆದೆನಪ್ಪಾ. ಮಾತೇ ಹೊರಡಲಿಲ್ಲ."

ಎಷ್ಟೋ ಕಳ್ಳರನ್ನು ಹಿಡಿದಾಗ ಮೀಸೆ ತಿರುವಿದ್ದ ಟೈಲರಿಗೆ ಅವತ್ತು ತಲೆಯೆತ್ತಲಾಗಲಿಲ್ಲ. ಆ ಗಂಟನ್ನು ಗುರುತಿಸಿದ್ದು ತನ್ನ ಕಣ್ಣೇ ಅಲ್ಲವೇ ಎನಿಸಿತು. ಇನ್‌ಸ್ಪೆಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಕ್ಯಾಪ್ಟನ್ ಏಳಲು ಹೋಗಿ ಕುಸಿದು ಕೂತರು. ಸೊಸೆ ಬಹಳ ಹೊತ್ತು ಅವರನ್ನೇ ನೋಡಿದಳು. ಆಮೇಲೆ ಹತ್ತಿರ ಬಂದು ತೋಳು ಹಿಡಿದಳು.

"ಏಳಿ ಮಾವ. ನಿಮ್ಮನ್ನ ಕ್ಷಮಿಸೋಕೆ ನನ್ನ ಕೈಲಿ ಆಗ್ತಿಲ್ಲ. ಆದ್ರೆ ಆ ಮನೆಗೆ ಒಬ್ಬಳೇ ಹೋಗೋಕೂ ಆಗಲ್ಲ."