ತೊಳೆದಿಟ್ಟ ಆಲೆಮನೆ

ಅವನು ಮೊದಲ ಸಲ ಬಂದ ದಿನ ನಮ್ಮ ಆಲೆಮನೆ ಮದುವೆ ಮನೆಯ ಹಾಗಿತ್ತು. ಅಪ್ಪ ಗಾಣ ನಿಲ್ಲಿಸಿ, ಒಲೆ ಆರಿಸಿ, ನೆಲ ತೊಳೆಸಿ, ಬೆಲ್ಲ ಕಾಯಿಸುವ ಕೊಪ್ಪರಿಗೆಗೆ ಅರಿಶಿನ ಕುಂಕುಮ ಇಡಿಸಿದ್ದರು. ಗಾಣದ ಕರೆಂಟು ಖರ್ಚು ಅಳೆಯಲು ಮಂಡ್ಯದ ಗುತ್ತಲಿನಿಂದ ಬೆಸಗರಹಳ್ಳಿಗೆ ಬೈಕಿನಲ್ಲಿ ಬಂದ ಸರ್ಕಾರದ ಕಡೆಯ ರವಿಚಂದ್ರ, ಹೆಗಲ ಬ್ಯಾಗು ಇಳಿಸದೆ ನಿಂತೇ ಇದ್ದ.

"ಗಾಣ ಓಡ್ತಾ ಇಲ್ವಾ?"

"ನೀವು ಬತ್ತೀರಿ ಅಂತ ನಿಲ್ಸಿವ್ನಿ ಸಾ," ಅಂದರು ಅಪ್ಪ, ಹೆಮ್ಮೆಯಿಂದ. "ಕೂತ್ಕಳಿ, ಕಬ್ಬಿನಾಲು ಕುಡೀರಿ."

ಅವನು ನನ್ನ ಕಡೆ ತಿರುಗಿದ. "ನಿಂತಿರೋ ಗಾಣ ಎಷ್ಟು ಕರೆಂಟು ತಿನ್ನುತ್ತೆ ಅಂತ ಹೇಗೆ ಬರೀಲಿ ಮೇಡಂ?"

"ಸೊನ್ನೆ ಅಂತ ಬರ್ಕೊಳಿ."

ಸಿಟ್ಟಿದ್ದದ್ದು ಅಪ್ಪನ ಮೇಲೆ, ಬಿದ್ದದ್ದು ಅವನ ಮೇಲೆ. ಅವನು ನಗು ತಡೆಯಲು ಕೈಯಲ್ಲಿದ್ದ ಹೆಲ್ಮೆಟ್ಟಿನ ಪಟ್ಟಿಯನ್ನು ಸುಮ್ಮನೆ ಹಾಕಿ ತೆಗೆದ.

ನಮಗೆ ಬೇಕಿದ್ದದ್ದು ಅವನ ಒಂದು ರಿಪೋರ್ಟು. ನಮ್ಮ ಹಳೇ ಮೋಟರು ಎಷ್ಟು ಕರೆಂಟು ಎಳೆಯುತ್ತದೆ, ಒಲೆ ಎಷ್ಟು ಕಬ್ಬಿನ ಸಿಪ್ಪೆ ಸುಡುತ್ತದೆ ಎಂದು ಅಳೆದು ಬರೆದರೆ, ಹೊಸ ಮೋಟರಿಗೂ ಹೊಸ ಒಲೆಗೂ ಸೋಲಾರಿಗೂ ಸಬ್ಸಿಡಿ. ಮೂವತ್ತೊಂದನೇ ತಾರೀಕು ಕೊನೆ. ಆಗದಿದ್ದರೆ ಗಾಣ ಕಳಚಿ ಮಾರಿಬಿಡುತ್ತೇನೆ ಎಂದಿದ್ದರು ಅಪ್ಪ. ಭಾರತೀನಗರದಲ್ಲಿ ಬಿ.ಕಾಂ. ಮುಗಿಸಿ ನಾಲ್ಕು ವರ್ಷದಿಂದ ಅದನ್ನು ನಡೆಸುತ್ತಿದ್ದವಳು ನಾನು. ನನಗೆ ಬೇರೆ ಕೆಲಸ ಬೇಕಿರಲಿಲ್ಲ.

ಎರಡನೇ ಸಲ ಬಂದಾಗ ಕರೆಂಟಿರಲಿಲ್ಲ. ಕಬ್ಬಿನ ರಾಶಿಯ ಮೇಲೆ ಕೂತು ಕಾದೆವು. ಒಂದು ಜಲ್ಲೆ ಕೊಟ್ಟೆ. ಅವನು ಹಲ್ಲಿನಲ್ಲಿ ಸಿಗಿಯಲು ಹೋಗಿ ತುಟಿ ಗೀರಿಕೊಂಡ.

"ಗುತ್ತಲೋರಿಗೆ ಹಲ್ಲಿಲ್ವಾ?"

"ಹಲ್ಲಿದೆ. ಕಲಿಸೋರಿಲ್ಲ."

ತುಟಿಯ ರಕ್ತ ಒರೆಸಿಕೊಳ್ಳುತ್ತಾ, ರೆಪ್ಪೆ ಎತ್ತದೆ ಹೇಳಿದ. ನಾನು ಜಲ್ಲೆ ಕಿತ್ತುಕೊಂಡು ಸಿಗಿದು ಕೊಟ್ಟೆ. ಎರಡು ಗಂಟೆ ಕಳೆದರೂ ಕರೆಂಟು ಬರಲಿಲ್ಲ. ಬಾರದ್ದಕ್ಕೆ ನನಗೆ ಬೇಜಾರೂ ಆಗಲಿಲ್ಲ. ಅದು ತಿಳಿದು ಇನ್ನಷ್ಟು ಸಿಟ್ಟು ಬಂತು.

ಮೂರನೇ ಸಲ ಅವನು ಬಂದಾಗ ನಾನಿರಲಿಲ್ಲ. ಪಹಣಿಗಾಗಿ ಮದ್ದೂರಿನಲ್ಲಿ ಕ್ಯೂ ನಿಂತಿದ್ದೆ. ಮರುದಿನವೂ ಅದೇ ಕ್ಯೂ, ಗಾಣದ ಕಡೆ ಹೋಗಲಾಗಲಿಲ್ಲ. ಎರಡು ದಿನ ಬಿಟ್ಟು ಮೊಬೈಲಿಗೆ ಮೆಸೇಜು ಬಂತು: ಅರ್ಜಿ ತಿರಸ್ಕೃತ. ಈ ಘಟಕದಲ್ಲಿ ಉಳಿತಾಯಕ್ಕೆ ಅವಕಾಶವಿಲ್ಲ.

ಅವನಿಗೆ ಫೋನು ಮಾಡಿದೆ. "ನಮ್ಮ ಮೋಟರು ಚೆನ್ನಾಗಿದೆ ಅಂತ ಬರ್ದಿದೀರಾ? ನಿಮಗೆ ಕಣ್ಣಿಲ್ವಾ?"

"ಮೀಟರು ತೋರಿಸಿದ್ದನ್ನೇ ಬರ್ದಿದೀನಿ."

"ಹಂಗಾದ್ರೆ ಸ್ವಲ್ಪ ಕೆಟ್ಟದಾಗಿ ಬರೀರಿ."

"ಸುಳ್ಳು ಬರೆಯಲ್ಲ ಅರ್ಪಿತಾ. ನಿಮಗೋಸ್ಕರಾನೂ ಬರೆಯಲ್ಲ."

ಮೇಡಂ ಹೋಗಿ ಅರ್ಪಿತಾ ಆದದ್ದು ಆ ಜಗಳದಲ್ಲೇ. ನಾನು ಫೋನು ಕಟ್ ಮಾಡಿದೆ. ಆಮೇಲೆ ಕೊಟ್ಟಿಗೆಗೆ ಹೋಗಿ ಅತ್ತೆ. ಗಾಣಕ್ಕೋ ಅವನಿಗೋ, ಗೊತ್ತಾಗಲಿಲ್ಲ.

ಸಂಜೆ ಪಕ್ಕದ ಆಲೆಮನೆಯ ಶಿವರಾಜು ಟ್ರಾಕ್ಟರು ತಂದು ನಿಲ್ಲಿಸಿದ. "ಅರ್ಪಿತಕ್ಕ, ನಮ್ಮ ಮೋಟರು ಬಿಚ್ಚುಸ್ಕೊಡಿ. ನಾಳಿಕೆ ನಮ್ದೂ ಸುರು."

ನಾನು ಅಪ್ಪನನ್ನು ನೋಡಿದೆ. ಅಪ್ಪ ಸೂರು ನೋಡಿದರು.

"ಗೌರ್ಮೆಂಟೋರು ಬಂದಾಗ ತುಕ್ಕಿಡ್ದಿರೋದು ತೋರ್ಸಕಾಯ್ತದಾ? ಮಾನ ಓಯ್ತದೆ ಕಣಮ್ಮ. ಸಿಪ್ಪೇನೂ ಒಣಗಿರೋದೇ ಆರ್ಸಿ ಆರ್ಸಿ ಹಾಕ್ಸಿದ್ದೆ."

"ನಮ್ದೇ ಮೋಟರು ಅಂದ್ರಾ?"

"ಅವ್ನು ಕೇಳ್ದ. ಊಂ ಅಂದೆ. ಬುಡು ಅತ್ಲಾಗೆ."

ಹತ್ತು ಸಲ ನಂಬರು ಒತ್ತಿ ಹತ್ತು ಸಲ ಅಳಿಸಿದೆ. ಹನ್ನೊಂದನೇ ಸಲ ರಿಂಗಾಯಿತು.

"ಆ ಮೋಟರು ನಮ್ಮದಲ್ಲ. ಅಪ್ಪ ಶಿವರಾಜು ಹತ್ರ ಇಸ್ಕೊಂಡು ಬಂದಿದ್ರಂತೆ. ನೀವು ಬರ್ದಿದ್ದು ಸರಿ."

"ಸಾರಿ ಹೇಳಕ್ಕೆ ಇಷ್ಟು ಸುತ್ತು ಬಳಸೋರನ್ನ ನೋಡಿರಲಿಲ್ಲ."

"ಇನ್ನೂ ಹೇಳಿಲ್ಲ."

ಅವನು ನಕ್ಕ. "ಮತ್ತೆ ಅಳೆದು ತಿದ್ದುಪಡಿ ಕಳಿಸಬಹುದು. ಯಾವತ್ತು ಬರಲಿ?"

"ಯಾವತ್ತು ಅಂತ ಮಾತ್ರ ಹೇಳ್ಬೇಡಿ. ಹೇಳಿದ್ರೆ ಅಪ್ಪ ತೊಳೆಸ್ತಾರೆ."

ಇಪ್ಪತ್ತೆಂಟು ಕಳೆಯಿತು, ಇಪ್ಪತ್ತೊಂಬತ್ತೂ ಕಳೆಯಿತು. ಮೂವತ್ತರ ಬೆಳಿಗ್ಗೆ ಒಲೆಗೆ ಸಿಪ್ಪೆ ತಳ್ಳುತ್ತಿದ್ದೆ. ಸಿಪ್ಪೆ ಹಸಿಯಾಗಿ ಹೊಗೆ ಕಟ್ಟಿತ್ತು. ಅಪ್ಪನ ಹಳೇ ಶರಟು, ತಲೆಗೆ ಟವೆಲು, ಮುಖದ ತುಂಬ ಮಸಿ. ಕೆಮ್ಮುತ್ತಾ ತಿರುಗಿದರೆ ಎದುರಿಗೆ ಅವನು. ಮೋಟರಿನ ಕಡೆ ನೋಡಬೇಕಾದವನು ನನ್ನನ್ನೇ ನೋಡುತ್ತಿದ್ದ.

"ಮೋಟರು ಆ ಕಡೆ ಇದೆ," ಎಂದೆ.

ನಮ್ಮ ಹಳೇ ಮೋಟರು ಅರಚುತ್ತಿತ್ತು. ಅವನು ಮೀಟರು ಹಿಡಿದ, ಸಿಪ್ಪೆ ತೂಗಿಸಿದ, ಒಲೆಯ ಬಾಯಿಗೆ ಬಗ್ಗಿ ಹುಬ್ಬು ಸುಟ್ಟುಕೊಂಡ.

"ಹೇಗಿದೆ?"

"ತುಂಬಾ ಕೆಟ್ಟದಾಗಿದೆ. ಇಷ್ಟು ಕೆಟ್ಟ ಮೋಟರನ್ನ ಈ ತಾಲ್ಲೂಕಲ್ಲೇ ನೋಡಿಲ್ಲ."

ಅಷ್ಟು ಒಳ್ಳೆಯ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

"ಎದುರ್ಗೇ ಅಂಗನ್ಬೇಡಿ ಸಾ," ಎಂದು ಅಪ್ಪ ಮುಖ ಸಣ್ಣ ಮಾಡಿಕೊಂಡು ಒಳಗೆ ಹೋದರು.

ಬೈಕಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅವನು ತಿದ್ದುಪಡಿ ಕಳಿಸಿದ. ತೆರೆಯ ಮೇಲಿನ ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೆ ಬಂತು: ಅರ್ಜಿ ಸ್ವೀಕೃತ.

ಅವನು ಲ್ಯಾಪ್‌ಟಾಪ್ ಮುಚ್ಚಿದ. "ಅಮ್ಮನ್ನ ಕರ್ಕೊಂಡು ಬರ್ತೀನಿ. ಆಲೆಮನೆ ನೋಡಕ್ಕಲ್ಲ."

ನನ್ನ ಕಿವಿ ಬಿಸಿಯಾಯಿತು. "ಯಾವತ್ತು?"

"ಹೇಳಲ್ಲ. ಹೇಳಿದ್ರೆ ನೀವು ಮುಖ ತೊಳ್ಕೋತೀರ."

ಮಸಿಯಾಗಿದ್ದ ಅಂಗೈಯನ್ನು ಅವನ ಬಿಳಿ ಶರಟಿನ ಎದೆಗೆ ಒತ್ತಿ ತೆಗೆದೆ. ಐದು ಬೆರಳೂ ಮೂಡಿದವು.

"ಇದೇನು ಅಂತ ನಿಮ್ಮಮ್ಮ ಕೇಳ್ತಾರೆ," ಎಂದೆ. "ಹೇಳಿ ಕರ್ಕೊಂಡು ಬನ್ನಿ."