ಇನ್ನೂರು ಯೂನಿಟ್ಟಿನ ಗೋಡೆ

ಕರೆಂಟ್ ಬಿಲ್ಲಿನ ಉದ್ದನೆಯ ಚೀಟಿಯನ್ನು ಮನೋಹರ್ ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದಾಗ, ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ಭಾನುಪ್ರಿಯಳ ಕೈ ಹಾಗೇ ನಿಂತಿತು. ಇನ್ನೂರ ಎಂಬತ್ತಾರು ಯೂನಿಟ್! ಹೋದ ತಿಂಗಳೂ ಇದೇ ಕಥೆ. ಸರ್ಕಾರದ ಗೃಹಜ್ಯೋತಿ ಬಂದಾಗಿನಿಂದ ಆ ಮನೆಗೆ ಸೊನ್ನೆ ಬಿಲ್ಲು ಬಂದು ಅಭ್ಯಾಸವಾಗಿತ್ತು. ಇನ್ನೂರು ದಾಟಿತೋ, ಪುಕ್ಕಟೆ ಹೋಗಿ ಪೂರ್ತಿ ಬಿಲ್ಲು ತಲೆ ಮೇಲೆ ಬೀಳುತ್ತಿತ್ತು.

ಮನೋಹರ್ ಭಾನುವಿನ ಮೈದುನ. ದಿನಾ ಚನ್ನಪಟ್ಟಣದಿಂದ ರೈಲು ಹತ್ತಿ ಬಿಡದಿಯ ಕಾರ್ಖಾನೆಗೆ ಹೋಗಿ ಬರುವವನು, ಎಲ್ಲವನ್ನೂ ಮೊದಲೇ ವಿಚಾರಿಸಿಟ್ಟುಕೊಂಡು ಬಾಯಿ ಬಿಡುವವನು. ಅಣ್ಣನಿಗೊಂದು ತನಗೊಂದು ಮೀಟರ್ ಆದರೆ ಇಬ್ಬರಿಗೂ ಇನ್ನೂರಿನ್ನೂರು ಸಿಗುತ್ತದೆ ಎಂದ. ಆದರೆ ಎರಡನೆಯ ಮೀಟರ್ ಬೇಕೆಂದರೆ ಮನೆಯೂ ಎರಡಾಗಬೇಕು. ಬೇರೆ ಬಾಗಿಲು, ಬೇರೆ ಒಲೆ, ನಡುಮನೆಗೆ ಅಡ್ಡಲಾಗಿ ಒಂದು ಗೋಡೆ. ಸುಮ್ಮನೆ ಕಾಗದಕ್ಕೆ ಅಷ್ಟೇ, ಒಲೆ ಬೇರೆಯಾದ ಮಾತ್ರಕ್ಕೆ ಅಣ್ಣ ತಮ್ಮ ಬೇರೆಯಾಗುತ್ತಾರಾ ಎಂದು ನಗಾಡಿದ. ಅವನ ಹೆಂಡತಿ ರಮ್ಯ ನಗಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ಅಷ್ಟರಲ್ಲಿ ಅತ್ತೆ ಬೋರಮ್ಮನ ಬಾಯಿ ಶುರುವಾಯಿತು. "ಎಲ್ಲಾ ಇವ್ಳಿಂದ್ಲೇಯ. ಹುಳ ಮನೆಗೆ ಬಲ್ಬಿನ ಮೇಲೆ ಬಲ್ಬ್ ಹಾಕ್ಕಂಡು ಕುಂತವ್ಳೆ. ಅಪ್ಪನ ಮನೇಲಿ ಕರೆಂಟ್ ಕಂಡಿದ್ರೆ ತಾನೆ, ಅದರ ಬೆಲೆ ತಿಳಿಯಾದು?"

ಭಾನುವಿನ ಕಣ್ಣು ತುಂಬಿಕೊಂಡಿತು. ರೇಷ್ಮೆ ಹುಳದ ಮನೆಯಲ್ಲಿ ಇದ್ದದ್ದು ಎರಡೇ ಎರಡು ಬಲ್ಬು. ಆದರೆ ಅತ್ತೆಗೆ ಎದುರಾಡುವುದು ಅವಳಿಗೆ ಬರುತ್ತಿರಲಿಲ್ಲ, ಗಂಡ ಲೋಕೇಶನಿಗಂತೂ ಅಪ್ಪ ಅವ್ವನ ಮುಂದೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಮಾತು ಕೊನೆಗೆ ಜಗಲಿಯ ಮೇಲೆ ಕೂತಿದ್ದ ಮಾವ ಕರಿಯಪ್ಪನವರ ಹತ್ತಿರ ಹೋಯಿತು. ಅವರು ಒಮ್ಮೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರಲ್ಲ. ಮೂರು ವರ್ಷದ ಹಿಂದೆ ಮಗಳು ನಯನ, ಕುರಿ ಸಾಕುವ ಮನೆತನದ ಮುತ್ತುರಾಜುವನ್ನು ಮೆಚ್ಚಿ ಮದುವೆಯಾದಾಗ, ನನಗೆ ಮಗಳೇ ಇಲ್ಲ, ಆ ಮನೆಗೆ ಯಾರೂ ಹೋಗಕೂಡದು ಎಂದಿದ್ದರು. ಆಮೇಲೆ ಕೊಟ್ಟಿಗೆಯ ಹಿಂದಿನ ಓಣಿಯಲ್ಲಿ ಅವಳ ಮನೆಯ ಮುಂದೆ ಹೋಗುವಾಗಲೆಲ್ಲ ಮುಖವನ್ನು ಆಚೆ ತಿರುಗಿಸಿಕೊಂಡೇ ಹೋಗುತ್ತಿದ್ದರು. ಅಂಥವರು ಈಗ ಗೋಡೆಗೆ ಹ್ಞೂಂ ಅಂದರೆ ಮುಗಿಯಿತು, ಸಿಮೆಂಟ್ ಮೂಟೆ ಬಂದ ಹಾಗೆಯೇ.

ಭಾನು ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲಿಗೆ ಬಂದಳು. ಮಾಗಡಿ ಹತ್ತಿರದ ಅವಳ ತವರಿನಲ್ಲಿಯೂ ಹಿಂದೊಮ್ಮೆ ಇಂಥದೇ ಗೋಡೆ ಎದ್ದಿತ್ತು. ಅದೂ ಸುಮ್ಮನೆ ಕಾಗದಕ್ಕೇ! ಆಮೇಲೆ ಆಚೆ ಕಡೆ ಚಿಕ್ಕಪ್ಪ ಕೆಮ್ಮುವುದು ಕೇಳಿಸುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಅಪ್ಪ ಸಾಯುವ ದಿನ ತಮ್ಮಾ ತಮ್ಮಾ ಎಂದು ಗೋಡೆಯನ್ನೇ ನೋಡುತ್ತಾ ಪ್ರಾಣ ಬಿಟ್ಟಿದ್ದ. ಅದನ್ನು ಕಣ್ಣಾರೆ ಕಂಡವಳು ಇನ್ನೊಂದು ಗೋಡೆಯನ್ನು ನೋಡಲು ತಯಾರಿರಲಿಲ್ಲ.

"ಒಂದ್ ತಿಂಗ್ಳು ಟೈಮ್ ಕೊಡಿ ಮಾವ. ಬರೋ ಬಿಲ್ಲ ಇನ್ನೂರರ ಒಳಕ್ಕೆ ತತ್ತೀನಿ. ಆಗ್ಲಿಲ್ಲ ಅಂದ್ರೆ ಮೊದಲ್ನೇ ಇಟ್ಗೆ ನಾನೇ ಇಡ್ತೀನಿ."

ಕರಿಯಪ್ಪ ಸೊಸೆಯನ್ನು ಒಂದು ಗಳಿಗೆ ನೋಡಿ, ಆಗಲಿ ಎಂದು ತಲೆಯಾಡಿಸಿದರು.

ಮಾರನೆಯ ಬೆಳಿಗ್ಗೆಯಿಂದಲೇ ಭಾನು ಟೊಂಕ ಕಟ್ಟಿದಳು. ಗೀಸರಿನ ಸ್ವಿಚ್ಚಿಗೆ ಟೇಪು ಸುತ್ತಿ, ಮೂಲೆ ಸೇರಿದ್ದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಒಲೆಯ ಮೇಲೆ ಕೂರಿಸಿದಳು. ಹುಳ ಸೊಪ್ಪು ತಿಂದು ಉಳಿಸಿದ ಹಿಪ್ಪುನೇರಳೆ ಕಡ್ಡಿ ಹಿತ್ತಲಲ್ಲಿ ರಾಶಿ ಬಿದ್ದಿತ್ತು, ಸ್ನಾನದ ನೀರಿಗೆ ಅದೇ ಸಾಕಾಯಿತು. ಹೊಗೆಗೆ ತಲೆಗೂದಲೆಲ್ಲ ವಾಸನೆ ಎಂದು ರಮ್ಯ ಮೂರು ದಿನ ಮುಖ ಊದಿಸಿಕೊಂಡಳು, ನಾಲ್ಕನೆಯ ದಿನ ತಾನೇ ಬಂದು ಒಲೆಗೆ ಕಡ್ಡಿ ತುರುಕಿದಳು. ಹಳೇ ಟ್ಯೂಬ್‌ಲೈಟ್ ಹೋಗಿ ಎಲ್‌ಇಡಿ ಬಂತು. ಫ್ರಿಜ್ಜಿನ ಬಾಗಿಲಿನ ಹರಿದ ರಬ್ಬರ್ ಹೊಸದಾಯಿತು. ಟ್ಯಾಂಕ್ ತುಂಬಿ ಚೆಲ್ಲುವವರೆಗೂ ಓಡುತ್ತಿದ್ದ ಮೋಟಾರಿನ ಮುಂದೆ ಅವಳೇ ಕಾವಲು ನಿಂತಳು.

ಇಷ್ಟಾದರೂ ಮೀಟರ್ ಮಾತ್ರ ಹಳೇ ಚಾಳಿ ಬಿಡಲಿಲ್ಲ. ಹತ್ತು ದಿನಕ್ಕೆ ಎಂಬತ್ತು ಯೂನಿಟ್ ಓಡಿತ್ತು. ಸಂಕ್ರಾಂತಿಯ ಮಾರನೆಯ ದಿನ, ಎಲ್ಲರೂ ಹೊರಗೆ ಹೋಗಿದ್ದ ಮಧ್ಯಾಹ್ನ, ಭಾನು ಮನೆಯ ಒಂದೊಂದೇ ಸ್ವಿಚ್ಚು ಆರಿಸುತ್ತಾ ಬಂದಳು. ಫ್ರಿಜ್ಜನ್ನೂ ಬಿಡಲಿಲ್ಲ. ಎಲ್ಲವೂ ಆರಿದ ಮೇಲೆ ಮೀಟರಿನ ಮುಂದೆ ನಿಂತು ನೋಡುತ್ತಾಳೆ... ಅದರ ಕೆಂಪು ದೀಪ ಇನ್ನೂ ಪಟಪಟನೆ ಮಿಟುಕುತ್ತಿದೆ! ಯಾರೋ ಕರೆಂಟ್ ಎಳೆಯುತ್ತಿದ್ದರು. ಹುಡುಕುತ್ತಾ ಹೋದರೆ, ಕೊಟ್ಟಿಗೆಯ ಬೋರ್ಡಿನ ಹಿಂದಿನಿಂದ ಒಂದು ಕಪ್ಪು ವೈರು ಹೊರಟು, ಹುಲ್ಲಿನ ಮೆದೆಯಡಿ ನುಸುಳಿ, ಬೇಲಿ ದಾಟಿತ್ತು. ಮುಟ್ಟಿದರೆ ಬಿಸಿ. ಅದರ ಜಾಡು ಹಿಡಿದು ಓಣಿ ದಾಟಿ ಹೋದವಳು ನಿಂತದ್ದು ನಾದಿನಿ ನಯನಳ ಶೀಟ್ ಮನೆಯ ಒಳಗೆ.

ಅಲ್ಲಿ ಬೋರಮ್ಮ ಕೂತಿದ್ದರು. ಮುಂದೆ ಕೆಂಪಗೆ ಕಾದ ಕಾಯಿಲ್ ಹೀಟರ್, ತೊಡೆಯ ಮೇಲೆ ಅಂಗೈ ಎರಡು ಸೇರಿಸಿದಷ್ಟು ಒಂದು ಕೂಸು, ಪಕ್ಕದಲ್ಲಿ ಅದರ ತಾಯಿ ನಯನ.

ಸೊಸೆಯನ್ನು ಕಂಡು ಬೋರಮ್ಮನ ಮುಖ ಬಿಳಿಚಿಕೊಂಡಿತು. "ಏಳನೇ ತಿಂಗ್ಳಿಗೇ ಬಂದ್ಬುಡ್ತು ಕಣವ್ವ. ಒಂದ್ ತಿಂಗ್ಳು ರಾಮನಗರದ ಆಸ್ಪತ್ರೇಲಿದ್ದು ಉಳ್ಕಂಡು ಬಂದೈತೆ. ಈ ಮನೆಗೆ ಕಾಗದ ಆಗಿಲ್ಲ, ಮೀಟರ್ ಕೊಡಾಕಿಲ್ವಂತೆ. ಈ ಚಳೀಲಿ ನಾ ಇನ್ನೇನ್ ಮಾಡ್ಲಿ?"

"ನನ್ನ ಬೈತಿದ್ರಲ್ಲ ಅತ್ತೆ... ಎರಡ್ ತಿಂಗ್ಳಿಂದ."

"ಬೈದಿಲ್ಲ ಅಂದಿದ್ರೆ ನಿಮ್ಮಾವ ವೈರು ಹುಡುಕ್ಕಂಡು ಬತ್ತಿದ್ರು." ಬೋರಮ್ಮ ತಲೆ ತಗ್ಗಿಸಿದರು. "ತಪ್ಪಾಯ್ತು ಕಣವ್ವ. ನಿಂಗೆ ಕೊಟ್ಟ ನೋವು ನಂಗೇ ಇರ್ಲಿ. ಅವ್ರ ಕಿವಿಗೆ ಮಾತ್ರ ಹಾಕ್ಬ್ಯಾಡ."

ಸಿಟ್ಟು ಬರಲಿಲ್ಲವೇ? ಬಂತು. ಬೆಂಕಿಯಂಥ ಸಿಟ್ಟು ಬಂತು. ಜಗಲಿಗೆ ಹೋಗಿ ಒಂದೇ ಒಂದು ಮಾತು ಆಡಿದರೆ ಅವಳ ಮೇಲಿನ ಕಳಂಕ ತೊಳೆದು ಹೋಗುತ್ತಿತ್ತು, ಗೋಡೆಯ ಮಾತೂ ಅಲ್ಲಿಗೇ ನಿಲ್ಲುತ್ತಿತ್ತು. ಆದರೆ ಅವಳ ಕೈ ತನ್ನಷ್ಟಕ್ಕೆ ತಾನೇ ಕೂಸಿನ ಅಂಗಾಲು ಮುಟ್ಟಿತ್ತು. ಅಷ್ಟು ಕಾದ ಹೀಟರಿನ ಮುಂದೆಯೂ ಅದು ತಣ್ಣಗಿತ್ತು! ಭಾನು ತಲೆಯೆತ್ತಿ ಬರೀ ಶೀಟನ್ನು ನೋಡಿದಳು. ಮೊಟ್ಟೆಯಿಂದ ಆಗತಾನೆ ಎದ್ದ ಹುಳವನ್ನು ಶಾಖದಲ್ಲಿಟ್ಟು ಸಾಕಿ ಬೆಳೆದವಳು ಅವಳು. ಶಾಖ ಎಲ್ಲಿಂದ ಬರುತ್ತದೆ ಅನ್ನುವುದಕ್ಕಿಂತ ಎಲ್ಲಿಂದ ಹೋಗುತ್ತದೆ ಅನ್ನುವುದು ಅವಳಿಗೆ ಬೇಗ ಗೊತ್ತಾಗುತ್ತಿತ್ತು.

"ಈ ಕಾವು ಕೂಸಿಗೆ ತಾಗ್ತಿಲ್ಲ ಅತ್ತೆ, ಆಕಾಶಕ್ಕೆ ಹೋಯ್ತಾ ಐತೆ. ವೈರು ಬೇರೆ ಸುಡ್ತೈತೆ. ಮನೆ ಹತ್ಕಂಡ್ರೆ ಏನ್ ಗತಿ?" ಎಂದಳು. "ನಾ ಮಾವಂಗೆ ಹೇಳಾಕಿಲ್ಲ. ಆದ್ರೆ ಇದನ್ನ ಕಿತ್ತಾಕ್ತೀನಿ. ಕೂಸಿನ ಜವಾಬ್ದಾರಿ ನಂದು."

ನಯನ ಅತ್ತಿಗೆಯ ಕೈ ಹಿಡಿದುಕೊಂಡು ಅತ್ತಳು. ಆಸ್ಪತ್ರೆಯಲ್ಲಿ ನರ್ಸಮ್ಮ, ಕೂಸನ್ನು ಬರಿ ಎದೆಗೆ ಅವಚಿಕೊಂಡೇ ಇರು ಎಂದು ಹೇಳಿ ಕಳಿಸಿದ್ದರಂತೆ. ಮನೆಗೆಲಸ ಯಾರು ಮಾಡುತ್ತಾರೆಂದು ಇವಳು ಹೀಟರಿನ ಮುಂದೆ ಮಲಗಿಸಿದ್ದಳು.

ಅವತ್ತೇ ಕೆಲಸ ಶುರುವಾಯಿತು. ಹುಳ ಗೂಡು ಕಟ್ಟುವ ಬಿದಿರಿನ ಅಗಲ ತಟ್ಟಿಗಳು, ಅಂದರೆ ಚಂದ್ರಿಕೆಗಳು, ಪ್ಲಾಸ್ಟಿಕ್ಕಿನವು ಬಂದ ಮೇಲೆ ಅಟ್ಟ ಸೇರಿದ್ದವು. ಲೋಕೇಶ್ ಹೆಂಡತಿಯ ಮಾತು ಪೂರ್ತಿ ಕೇಳಿ, ಆರು ಚಂದ್ರಿಕೆ ಹೆಗಲಿಗೇರಿಸಿಕೊಂಡ. ಮುತ್ತುರಾಜು ಅವನ್ನು ಶೀಟಿನ ಕೆಳಗೆ ಸಾಲಾಗಿ ಕಟ್ಟಿದ. ಅವುಗಳ ಮೇಲೆ ಗೋಣಿತಾಟು, ಅದರ ಮೇಲೆ ಗೇಣು ದಪ್ಪ ಒಣಹುಲ್ಲು. ಗೋಡೆಗೂ ಶೀಟಿಗೂ ನಡುವಿನ ಸಂದಿಗೆಲ್ಲ ಜೇಡಿಮಣ್ಣು. ಮುತ್ತುರಾಜುವಿನ ತಾಯಿ ಮಾಯಮ್ಮ ತಮ್ಮ ದಪ್ಪ ಕಂಬಳಿ ತಂದು ಸೊಸೆಗೆ ಹೊದಿಸಿದರು. ನಯನ, ಬೋರಮ್ಮ, ಮಾಯಮ್ಮ ಸರದಿಯ ಮೇಲೆ ಕೂಸನ್ನು ಎದೆಗೆ ಹಾಕಿಕೊಂಡು ಕೂರಬೇಕೆಂದು ಭಾನು ಕಟ್ಟಪ್ಪಣೆ ಮಾಡಿದಳು. ಸರದಿ ತಪ್ಪಿದವರನ್ನು, ಅತ್ತೆಯೆಂದೂ ನೋಡದೆ, ಗದರಿದಳು. ಹುಳದ ಮನೆಯ ಥರ್ಮಾಮೀಟರ್ ತಂದು ಗೋಡೆಗೆ ನೇತುಹಾಕಿದಳು. ಎರಡು ದಿನ ಅದರ ಮೇಲೇ ಅವಳ ಕಣ್ಣು. ಮೂರನೆಯ ದಿನ ಬೆಳಿಗ್ಗೆ ಹೀಟರ್ ಇಲ್ಲದೆಯೇ ಕೂಸಿನ ಅಂಗಾಲು ಬೆಚ್ಚಗಿತ್ತು. ಭಾನು ಕೊಟ್ಟಿಗೆಗೆ ಹೋಗಿ ಮೇನ್ ಸ್ವಿಚ್ ಆರಿಸಿ ವೈರು ಕಿತ್ತು ಸುತ್ತಿಟ್ಟಳು. ಅವತ್ತು ಅವಳಿಗೆ ಹೊಟ್ಟೆ ತುಂಬ ಊಟ ಸೇರಿತು.

ಫೆಬ್ರವರಿಯ ಬಿಲ್ಲು ಬಂತು. ನೂರ ಎಪ್ಪತ್ತೆರಡು ಯೂನಿಟ್, ಬಿಲ್ಲು ಸೊನ್ನೆ. ಮನೋಹರ್ ಚೀಟಿಯನ್ನು ಎರಡೆರಡು ಸಲ ಓದಿ, ಅತ್ತಿಗೆ ಗೆದ್ದರು, ಗೋಡೆಯ ಮಾತು ಇನ್ನಿಲ್ಲ ಎಂದು ತಾನೇ ಹೇಳಿದ. ಕರಿಯಪ್ಪನವರ ಮುಖ ಅರಳಿತು. ಇಷ್ಟು ದಿನ ಕರೆಂಟ್ ಸೋರುತ್ತಿದ್ದದ್ದಾದರೂ ಎಲ್ಲಿ ಎಂದು ಸೊಸೆಯನ್ನು ಕೇಳಿದರು.

ಭಾನು ನೆಲ ನೋಡಿದಳು. "ಗೀಸರು, ಮಾವ. ನಾನೇ ಆರ್‍ಸದ ಮರೀತಿದ್ದೆ."

"ಸುಳ್ಳು ಹೇಳ್ಬ್ಯಾಡ ಕಣೆ." ಬೋರಮ್ಮ ಎದ್ದು ಗಂಡನ ಮುಂದೆ ಬಂದು ನಿಂತರು. "ಎಳ್ದೋಳು ನಾನು. ನಿಮ್ಮ ಮಗ್ಳ ಕೂಸಿಗೆ. ಕದ್ದು ವೈರು ಎಳ್ದು, ಏನೂ ಅರೀದ ಇವ್ಳ ತಲೆ ಮೇಲೆ ಹಾಕ್ದೆ. ಬದುಕ್ಸಿದ್ದೂ ಇವ್ಳೇಯ. ಈಗ ಮನೆ ಬಿಟ್ಟು ಹೋಗು ಅಂತೀರಾ, ಹೋಯ್ತೀನಿ. ಓಣಿ ದಾಟಿದ್ರೆ ಮಗ್ಳ ಮನೆ."

ಕರಿಯಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ದಢದಢನೆ ಹೊರಗೆ ನಡೆದರು. ಕೊಟ್ಟಿಗೆ ದಾಟಿ ಓಣಿಗೆ ಇಳಿದದ್ದನ್ನು ಕಂಡು ಭಾನುವಿನ ಜೀವ ಹಾರಿಹೋಯಿತು. ಏನು ಅನಾಹುತ ಮಾಡುತ್ತಾರೋ ಎಂದು ಹಿಂದೆಯೇ ಓಡಿದಳು.

ಅವರು ನಯನಳ ಮನೆಯ ಬಾಗಿಲು ತಳ್ಳಿ ಹೊಸ್ತಿಲಲ್ಲೇ ನಿಂತುಬಿಟ್ಟಿದ್ದರು. ಒಳಗೆ ಕಂಬಳಿ ಹೊದ್ದ ಮಗಳು, ಅವಳ ಎದೆಯ ಮೇಲೆ ನಿದ್ದೆ ಹೋದ ಕೂಸು. ಅಪ್ಪನನ್ನು ಕಂಡು ನಯನ ಏಳಲೂ ಆರದೆ, ಕೂರಲೂ ಆರದೆ ಕಣ್ಣೀರಿಟ್ಟಳು. ಕರಿಯಪ್ಪನವರಿಗೆ ಮುಂದಕ್ಕೆ ಬರಲು ಮೂರು ವರ್ಷದ ಮಾತು ಅಡ್ಡ, ಹಿಂದಕ್ಕೆ ಹೋಗಲು ಕಾಲು ಬಾರದು. ಬೆಳಗಿನ ಚಳಿಗಾಳಿ ಅವರ ಪಕ್ಕದಿಂದ ನುಗ್ಗಿತು, ಕೂಸು ಮಿಸುಕಿತು.

ಭಾನುವಿಗೆ ಆಗ ಮಾವನ ಭಯವೂ ಇರಲಿಲ್ಲ, ಮರ್ಯಾದೆಯ ನೆನಪೂ ಇರಲಿಲ್ಲ.

"ಒಳಕ್ಕಾದ್ರೂ ಬನ್ನಿ ಮಾವ, ಹೊರಗಾದ್ರೂ ನಿಂತ್ಕಳಿ. ಹಿಂಗೆ ಬಾಗ್ಲು ತೆಗ್ದು ನಿಂತ್ರೆ ಕೂಸಿನ ಶಾಖ ಹೋಯ್ತದೆ."

ಕರಿಯಪ್ಪ ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಕಾಲಿಟ್ಟರು. ಆಮೇಲೆ ತಿರುಗಿ, ಬಾಗಿಲನ್ನು ತಾವೇ ಎಳೆದು ಚಿಲಕ ಹಾಕಿದರು.